ಜನವರಿ ಮೂವತ್ತರಲ್ಲಿ ಒಂದು ಸಾಲಿನ ಜಾಗ

ಇಂದ,
ಎಂ. ವೆಂಕಟರತ್ನಮ್ಮ, ಬಿ.ಎ. (ಇತಿಹಾಸ),
ತಾತ್ಕಾಲಿಕ ಸಹಾಯಕಿ,
ಜ್ಞಾನದೀಪಿಕಾ ವಾಚನಾಲಯ,
ಉರಿಗಾಂ, ಕೋಲಾರ ಚಿನ್ನದ ಗಣಿ ಪ್ರದೇಶ.

ಗೆ,
ಶ್ರೀ ಕೋದಂಡಪ್ಪನವರು,
ಮಾನ್ಯ ಕಾರ್ಯದರ್ಶಿಗಳು,
ಅದೇ ವಾಚನಾಲಯ, ಅದೇ ಕೊಠಡಿ, ಎದುರಿನ ಮೇಜು.

ದಿನಾಂಕ: 11-1-1965

ವಿಷಯ: ವಾಚನಾಲಯದ ವರಾಂಡದ ಕರಿಹಲಗೆಯಲ್ಲಿ ‘ಚರಿತ್ರೆಯಲ್ಲಿ ಈ ದಿನ’ ಎಂಬ ತಲೆಬರಹದ ಕೆಳಗೆ, ಜನವರಿ 30ರಂದು ಖಾಲಿ ಉಳಿಯುವ ಮೂರು ಸಾಲುಗಳ ಪೈಕಿ ಕೊನೆಯದನ್ನು ನನ್ನ ತಂದೆಯವರಿಗೆ ಮಂಜೂರು ಮಾಡುವ ಬಗ್ಗೆ, ತಪ್ಪಿದಲ್ಲಿ, ನನ್ನ ತಂದೆಯವರು ಯಾವ ದಿನ ಸತ್ತಿರಬೇಕೆಂದು ಲಿಖಿತ ಆದೇಶ ನೀಡುವ ಬಗ್ಗೆ.

ಉಲ್ಲೇಖ:
1) ಆಡಳಿತ ಸಮಿತಿಯ ನಿರ್ಣಯ ಸಂಖ್ಯೆ 7 (ಹಲಗೆಯ ಮೇಲೆ ಘಟನೆಗಳ ಆದ್ಯತೆ ಕುರಿತದ್ದು).
2) ತಾವು ನನಗೆ ನೀಡಿದ ಮೆಮೊ, ದಿನಾಂಕ 31-1-1964.
3) ತಾವು ದಿನಾಂಕ 4-1-1965ರಂದು ಕಡಲೆಕಾಯಿ ಬಿಡಿಸುತ್ತಾ ನೀಡಿದ ಮೌಖಿಕ ಸಲಹೆ.
4) ನನ್ನ ದಿನಚರಿಯ 30-1-1963ರ ಪುಟ.

ಮಾನ್ಯರೇ,

ತಮ್ಮಿಂದ ಐದಡಿ ದೂರದಲ್ಲಿ ಕೂರುವ ನಾನು ಬಾಯಿಬಿಟ್ಟು ಹೇಳಬಹುದಾದ್ದನ್ನು ಹೀಗೆ ಬರೆದು ಕೊಡುತ್ತಿರುವುದಕ್ಕೆ ಮೊದಲು ಕ್ಷಮೆ ಇರಲಿ. ಬಾಯಿಬಿಡಲು ಒಂದು ವರ್ಷದಿಂದ ಪ್ರಯತ್ನಿಸಿದ್ದೇನೆ. ಪ್ರತಿ ಸಲವೂ “ಸಾರ್” ಎಂಬಲ್ಲಿಗೆ ಬಂದು ನಿಂತಿದ್ದೇನೆ, ತಾವು “ಏನಮ್ಮಾ?” ಎಂದಿದ್ದೀರಿ; ನಾನು “ಗೋಂದು ಮುಗಿದಿದೆ ಸಾರ್” ಎಂದಿದ್ದೇನೆ. ಈ ಕಾರಣದಿಂದ ವಾಚನಾಲಯದಲ್ಲಿ ಈಗ ಹದಿನಾಲ್ಕು ಬಾಟಲಿ ಗೋಂದು ದಾಸ್ತಾನಿದೆ. ಬಂದ ಅರ್ಜಿಗಳನ್ನು ಸ್ವೀಕರಿಸಿ ನಂಬರು ಹಾಕುವವಳು ನಾನೇ ಆದ್ದರಿಂದ, ಸದರಿ ಅರ್ಜಿಯನ್ನು ನಾನೇ ಸ್ವೀಕರಿಸಿ, ನಂಬರು ಹಾಕಿ, ತಾವು ಊಟಕ್ಕೆ ಹೋದಾಗ ತಮ್ಮ ಕನ್ನಡಕದ ಡಬ್ಬಿಯ ಕೆಳಗೆ ಇಟ್ಟಿರುತ್ತೇನೆ. ವಿವರ ಈ ಕೆಳಕಂಡಂತಿದೆ.

1. ನಾನು ದಿನಾಂಕ 10-6-1963ರಿಂದ ತಮ್ಮ ಕೈಕೆಳಗೆ ಕೆಲಸಕ್ಕಿದ್ದೇನೆ. ಪತ್ರಿಕೆಗಳಿಗೆ ಕೋಲು ಸಿಕ್ಕಿಸುವುದು, ಹೋಗುವವರ ಕಂಕುಳಿನಿಂದ ಪತ್ರಿಕೆಗಳನ್ನು ಬಿಡಿಸಿಕೊಳ್ಳುವುದು, ಮತ್ತು ಬೆಳಿಗ್ಗೆ ಎಂಟಕ್ಕೆ ವರಾಂಡದ ಹಲಗೆಯ ಮೇಲೆ ಅದೇ ತಾರೀಖಿನಂದು ಹಿಂದೆ ಲೋಕದಲ್ಲಿ ನಡೆದ ಮಹತ್ವದ ಘಟನೆಗಳನ್ನು ಬರೆಯುವುದು ನನ್ನ ಕರ್ತವ್ಯ. ಘಟನೆಗಳನ್ನು, ತಾವು ಬಂಗಾರಪೇಟೆ ರೈಲು ನಿಲ್ದಾಣದ ಅಂಗಡಿಯಲ್ಲಿ ಆರಿಸಿ ತಂದ ಇಂಗ್ಲಿಷ್ ವರ್ಷಪುಸ್ತಕದಿಂದ ಎತ್ತಿಕೊಳ್ಳತಕ್ಕದ್ದು. ಹಲಗೆಯಲ್ಲಿ ನಾಲ್ಕು ಸಾಲು ಹಿಡಿಯುತ್ತದೆ. ಉಲ್ಲೇಖ ಒಂದರ ನಿರ್ಣಯದಂತೆ ಮೊದಲು ಲೋಕ, ಆಮೇಲೆ ದೇಶ, ಆಮೇಲೆ ರಾಜ್ಯ, ಜಾಗ ಮಿಕ್ಕಿದರೆ ಊರು. ಲೋಕವು ತುಂಬ ದೊಡ್ಡದಾದ್ದರಿಂದ ಊರಿಗೆ ಜಾಗ ಮಿಕ್ಕುವುದು ಅಪರೂಪ.

2. ಈ ಹಲಗೆಯಿಂದ ಓದುಗರಿಗೆ ಆದ ಪ್ರಯೋಜನ ತಮಗೆ ಗೊತ್ತೇ ಇದೆ. ಆಗಸ್ಟ್ 15ರಂದು ಸ್ವಾತಂತ್ರ್ಯದ ಕೆಳಗೆ, ಪುಸ್ತಕದಲ್ಲಿದ್ದ ಪ್ರಕಾರ, 1769ರಲ್ಲಿ ನೆಪೋಲಿಯನ್ನನ ಜನನ ಎಂದೂ ಬರೆದಿದ್ದೆ. ಗಣಿಯಲ್ಲಿ ಸೈರನ್ ಊದುವ ಕುಪ್ಪುಸ್ವಾಮಿಯವರು ಪಾಳಿ ಮುಗಿಸಿ ಬಂದು ಅದನ್ನು ಕೂಡಿಸಿ ಕೂಡಿಸಿ ಓದಿ, “ಏಮ್ಮಾ, ಬಾವುಟ ಅವನಿಗೂ ಸೇರ್ಸಿ ಏರಿಸಿದ್ದಾ, ಇಲ್ಲಾ ನಮಗೆ ಮಟ್ಟುಮಾ?” ಎಂದು ತಮ್ಮ ತಮಿಳು ಬೆರೆತ ಕನ್ನಡದಲ್ಲಿ ಕೇಳಿದರು. ಜೂನ್ 30ರಂದು, 1902ರಲ್ಲಿ ಶಿವನಸಮುದ್ರದಿಂದ ನಮ್ಮ ಗಣಿಗಳಿಗೆ ವಿದ್ಯುಚ್ಛಕ್ತಿ ಬಂತು ಎಂದು ಬರೆದಾಗ ನಮ್ಮ ಲೈನಿನ ದೊಡ್ಡಮುನಿಯಮ್ಮನವರು, “ಅವತ್ತು ನಮ್ಮಜ್ಜ ಆ ದೀಪ ಆರ್ಸಾಕೆ ಊದಿ ಊದಿ ದವಡೆ ನೋಯಿಸ್ಕಂಡಿದ್ದ ಕಣಮ್ಮಿ, ಅದ್ನೂ ಬರಿ” ಎಂದರು. ಜಾಗವಿರಲಿಲ್ಲವಾಗಿ ಬರೆಯಲಿಲ್ಲ. ಲೈನು ಎಂದರೆ ಗಣಿ ಕೆಲಸದವರ ಸಾಲುಮನೆಗಳೆಂಬುದು ತಮಗೆ ತಿಳಿದದ್ದೇ. ನಮ್ಮದು ಎರಡನೆಯ ಸಾಲಿನ ಒಂಬತ್ತನೆಯದು, ಅವರದು ಹತ್ತನೆಯದು, ಅವರ ಎಮ್ಮೆ ಎರಡಕ್ಕೂ ಸೇರಿದ್ದು.

3. ಎಮ್ಮೆಯ ವಿಷಯ ಬಂದದ್ದರಿಂದ ಒಂದು ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ವರ್ಷಪುಸ್ತಕದಲ್ಲಿ ಸೆಪ್ಟೆಂಬರ್ 9ರಿಂದ 21ರವರೆಗಿನ ಹಾಳೆಗಳನ್ನು ಗೆದ್ದಲು ತಿಂದಿದೆ. ಈ ಕಾರಣದಿಂದ ನಮ್ಮ ವಾಚನಾಲಯದ ಮಟ್ಟಿಗೆ ಆ ಹದಿಮೂರು ದಿನ ಲೋಕದಲ್ಲಿ ಎಂದೂ ಏನೂ ನಡೆದಿಲ್ಲ. ಹಲಗೆ ಖಾಲಿ ಇಟ್ಟರೆ ತಾವು ಬೈಯುತ್ತೀರೆಂದು ಹೆದರಿ, ನಾನು ಹತ್ತನೆಯ ವಯಸ್ಸಿನಿಂದ ಬರೆದುಕೊಂಡು ಬಂದ ದಿನಚರಿಗಳನ್ನು ತೆಗೆದು, ಅದರಲ್ಲಿ ಇದ್ದದ್ದನ್ನು ಬರೆದೆ. ಆ ಪ್ರಕಾರ 14-9-1963ರಂದು ಹಲಗೆಯಲ್ಲಿ ಮೂಡಿದ್ದು: “1957: ಈ ದಿನ ದೊಡ್ಡಮುನಿಯಮ್ಮನವರ ಎಮ್ಮೆಯು ಮಾರಿಕುಪ್ಪಂ ರೈಲನ್ನು ಇಪ್ಪತ್ತು ನಿಮಿಷ ತಡೆದು ನಿಲ್ಲಿಸಿತು.”

ಆ ದಿನ ವಾಚನಾಲಯಕ್ಕೆ ಬಂದವರ ಸಂಖ್ಯೆ ನೂರಾ ಹನ್ನೊಂದು. ದೊಡ್ಡಮುನಿಯಮ್ಮನವರು ಎಮ್ಮೆಯನ್ನೇ ಹಿಡಿದುಕೊಂಡು ಬಂದು ವರಾಂಡದ ಎದುರು ನಿಲ್ಲಿಸಿ, “ನೋಡೇ, ನಿನ್ನ ಎಸ್ರು” ಎಂದು ತೋರಿಸಿದರು. ತಾವು ಹೊರಗೆ ಬಂದು, ಓದಿ, ಕನ್ನಡಕ ಒರೆಸಿಕೊಂಡು ಮತ್ತೆ ಓದಿ, “ಸ್ಥಳೀಯ ಇತಿಹಾಸಕ್ಕೂ ಪ್ರೋತ್ಸಾಹ ಇರಬೇಕಮ್ಮ” ಎಂದಿರಿ. ಸಮಿತಿಯ ಮುಂದಿನ ಸಭೆಯಲ್ಲಿ ಇದಕ್ಕಾಗಿ ನನಗೆ ಮೆಚ್ಚುಗೆಯೂ ದಾಖಲಾಯಿತು. ಅಂದರೆ, ಊರಿನ ಘಟನೆ ಎಂಬ ಕಾರಣಕ್ಕೇ ಸಮಿತಿಗೆ ಆಕ್ಷೇಪಣೆ ಇಲ್ಲವೆಂಬುದು ಎಮ್ಮೆಯ ಪ್ರಕರಣದಿಂದ ಸಿದ್ಧವಾಗಿದೆ.

4. ನನಗೆ ಮಧ್ಯಾಹ್ನದ ಊಟ ತರುವವರು ನನ್ನ ತಾಯಿ ಚಿಕ್ಕವೆಂಕಟಮ್ಮನವರು. ಅವರಿಗೆ ಓದು ಬರುವುದಿಲ್ಲ. ಸಾಲು ಎಣಿಸಲು ಬರುತ್ತದೆ. ಎಮ್ಮೆಯ ದಿನ ಅವರು ಡಬ್ಬಿ ಇಟ್ಟು, ಹಲಗೆಯ ಕಡೆ ಬೆರಳು ಮಾಡಿ ಎಣಿಸಿ, ಒಳಗೆ ಬಂದು ನನ್ನ ಕಿವಿಯ ಹತ್ತಿರ ಹೇಳಿದ್ದು ಇಷ್ಟು: “ಎಮ್ಮೆಗೆ ಬರದೆ. ಒಳ್ಳೇದೇ ಬುಡು. ನಿಮ್ಮಪ್ಪಂಗೆ ಯಾವತ್ತು ಬರೀತೀಯಮ್ಮಿ?”

5. ನನ್ನ ತಂದೆ ಮುನಿಸ್ವಾಮಪ್ಪನವರು. ಕಾಮಸಮುದ್ರದ ಕಡೆಯಿಂದ ಬಂದವರು. ಸುರಂಗದೊಳಗೆ ಬಂಡೆ ಕುಸಿಯದಂತೆ ಮರದ ಆಸರೆ ಕಟ್ಟುವುದು ಅವರ ಕೆಲಸ. ಇಪ್ಪತ್ತಮೂರು ವರ್ಷ ಆಲದಮರದ ಶಾಫ್ಟೆಂಬ ಗಣಿಬಾವಿಯಲ್ಲಿ ಇಳಿದರು, ಹತ್ತಿದರು. ಅವರ ದಿನವನ್ನು ವಿವರಿಸಬೇಕಾದರೆ ಸೈರನ್ನಿನ ವಿಷಯ ಹೇಳದೆ ವಿಧಿಯಿಲ್ಲ. ತಾವು ಬಂಗಾರಪೇಟೆಯಿಂದ ರೈಲಿನಲ್ಲಿ ಬಂದು ಹೋಗುವವರಾದ್ದರಿಂದ ಇದು ತಮ್ಮ ಅನುಭವಕ್ಕೆ ಬಂದಿರಲಾರದು. ನಮ್ಮ ಲೈನಿನಲ್ಲಿ ಯಾರ ಮನೆಯಲ್ಲೂ ಗಡಿಯಾರ ಇರಲಿಲ್ಲ. ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ ಎರಡಕ್ಕೆ, ರಾತ್ರಿ ಹತ್ತಕ್ಕೆ ಪಾಳಿಯ ಸೈರನ್. ಅದಕ್ಕೆ ಹೆಂಗಸರು ಒಲೆ ಹಚ್ಚುತ್ತಾರೆ, ಅನ್ನ ಬಸಿಯುತ್ತಾರೆ, ಮಕ್ಕಳಿಗೆ ಬೈಯುತ್ತಾರೆ. ಈ ಮೂರು ಹೊತ್ತು ಬಿಟ್ಟು ಬೇರೆ ಹೊತ್ತಿನಲ್ಲಿ ಅದು ಕೂಗಿದರೆ ಒಂದೇ ಅರ್ಥ. ಕೆಳಗೆ ಬಂಡೆ ಸಿಡಿದಿದೆ. ಆಗ ಹೆಂಗಸರು ಕೈಯಲ್ಲಿದ್ದದ್ದನ್ನು ಇದ್ದಲ್ಲೇ ಬಿಟ್ಟು ಶಾಫ್ಟಿಗೆ ಓಡುತ್ತಾರೆ. ಇದಕ್ಕೆ ನಿರ್ಣಯ, ಸುತ್ತೋಲೆ ಯಾವುದೂ ಇಲ್ಲ.

6. ನಾನು ಮಿಡ್ಲ್‌ಸ್ಕೂಲಿನಲ್ಲಿದ್ದಾಗ, ಜನವರಿ 30ರಂದು ಬೆಳಿಗ್ಗೆ ಹನ್ನೊಂದಕ್ಕೆ ಗಾಂಧೀಜಿಯವರ ನೆನಪಿಗೆ ಸೈರನ್ ಊದುವುದೆಂದೂ, ಎಲ್ಲರೂ ಎರಡು ನಿಮಿಷ ಇದ್ದಲ್ಲೇ ಮೌನವಾಗಿ ನಿಲ್ಲುವುದೆಂದೂ ಆಯಿತು. ದೇಶಕ್ಕೆ ಹನ್ನೊಂದು ಗಂಟೆ ಅನುಕೂಲವಿದ್ದಿರಬೇಕು. ನಮ್ಮ ಲೈನಿಗೆ ಹನ್ನೊಂದು ಎಂದರೆ ಪಾಳಿಯ ಹೊತ್ತಲ್ಲ. ಆದ್ದರಿಂದ ಮೊದಲ ವರ್ಷ, ದೇಶವೆಲ್ಲ ನಿಂತ ಎರಡು ನಿಮಿಷ ನಮ್ಮ ಲೈನೊಂದೇ ಓಡಿತು. ಶಾಲೆಯ ಅಂಗಳದಲ್ಲಿ ನೆಟ್ಟಗೆ ನಿಂತಿದ್ದ ನಾನು, ಬೇಲಿಯಾಚೆ ಅಮ್ಮ ಒಂದು ಕೈಯಲ್ಲಿ ಸೌಟು ಹಿಡಿದು ಓಡುವುದನ್ನು ನೋಡಿದೆ. ಕೂಗಿ ಹೇಳುವಂತಿರಲಿಲ್ಲ, ಮೌನ ಆಚರಿಸುತ್ತಿದ್ದೆವು.

ಎರಡನೆಯ ವರ್ಷ ಡಂಗುರ ಹೊಡೆಸಿ ತಿಳಿಸಿದರು. ಓಡಿದರು. ಮೂರನೆಯ ವರ್ಷ ಮೇಷ್ಟರು ಮನೆಮನೆಗೆ ಬಂದು ಹೇಳಿದರು. ಆಗಲೂ ಓಡಿದರು. ನಾನು ಕೇಳಿದ್ದಕ್ಕೆ ಅಮ್ಮ, “ತಲೆಗೆ ಗೊತ್ತದೆ ಕಣಮ್ಮಿ, ಕಾಲಿಗೆ ಯಾರ್ ಏಳೋರು?” ಎಂದರು. ಎಂಟು ನಿಮಿಷಕ್ಕೆ ಶಾಫ್ಟು ಮುಟ್ಟುತ್ತಿದ್ದರು. ಅಲ್ಲಿ ಗೇಟಿನವನು ನಕ್ಕು, “ಗಾಂಧಿತಾತ ಅಮ್ಮಣ್ಣೀ, ನಿಮ್ಮೆಜಮಾನ್ರಲ್ಲ” ಎಂದು ವಾಪಸು ಕಳಿಸುತ್ತಿದ್ದ. ಎರಡಕ್ಕೆ ಪಾಳಿ ಬಿಟ್ಟು ಬಂದ ಅಪ್ಪನಿಗೆ ದಾರಿಯುದ್ದಕ್ಕೂ ಇದೇ ತಮಾಷೆ. ಮನೆಗೆ ಬಂದು ತಲೆಗೆ ನೀರು ಹುಯ್ದುಕೊಳ್ಳುತ್ತಾ, “ವರ್ಸಕ್ಕೊಂದ್ ದಪ ನನ್ನ ಸಾಯಿಸಾಕೆ ಓಡಿ ಬತ್ತಾಳಪ್ಪಾ ಇವ್ಳು. ನಾನೂ ನೋಡ್ತೀನಿ, ಯಾವತ್ತು ಬಿಡ್ತಾಳೆ ಅಂತ” ಎನ್ನುತ್ತಿದ್ದರು. ಅಮ್ಮ, “ಬಿಡಾಕಿಲ್ಲ ಓಗು” ಎನ್ನುತ್ತಿದ್ದರು. ಬೈಗುಳದಂತೆ ಕೇಳಿಸುತ್ತಿತ್ತು. ಆ ದಿನ ಸಂಜೆ ಮಾತ್ರ ಅಪ್ಪ ತಪ್ಪದೆ ಹೂವು ತರುತ್ತಿದ್ದರು.

7. 1962ರಲ್ಲಿ ಒಂದು ವಿಶೇಷ ನಡೆಯಿತು. ಸೈರನ್ ಮನೆಯ ಗಡಿಯಾರ ಒಂಬತ್ತು ನಿಮಿಷ ಮುಂದಿದ್ದುದರಿಂದ ಕುಪ್ಪುಸ್ವಾಮಿಯವರು ದೇಶಕ್ಕಿಂತ ಮೊದಲೇ ಊದಿಬಿಟ್ಟರು. ಮೇಲಿನವರು ಟೆಲಿಫೋನಿನಲ್ಲಿ ಗದರಿದ ಕಾರಣ ಸರಿಯಾದ ಹೊತ್ತಿಗೆ ಇನ್ನೊಮ್ಮೆ ಊದಿದರು. ಆದ್ದರಿಂದ ಆ ವರ್ಷ ಉರಿಗಾಂ ಎರಡು ಸಲ ಮೌನ ಆಚರಿಸಿತು. ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದೆ, ರಜೆ ಹಾಕಿ ಮನೆಯಲ್ಲಿದ್ದವಳು ಇದನ್ನು ದಿನಚರಿಯಲ್ಲಿ ತಮಾಷೆಯಾಗಿ ಬರೆದುಕೊಂಡೆ. ಅಮ್ಮ ಮೊದಲನೆಯ ಕೂಗಿಗೇ ಓಡಿದ್ದರು. ಎರಡನೆಯದು ಕೂಗಿದಾಗ ಶಾಫ್ಟಿನ ಗೇಟಿನಲ್ಲಿದ್ದರು.

ಆ ಸಂಜೆ ಅಪ್ಪ ನನ್ನನ್ನು ಕರೆದು ಹೇಳಿದರು: “ಲೈನಿಗೆಲ್ಲಾ ನೀನೊಬ್ಳೇ ಬಿಯ್ಯೆ. ಮುಂದಿನ್ ವರ್ಸ ನೀನಾದ್ರೂ ಇಡ್ಕೊಳಮ್ಮಿ ಅವಳನ್ನ. ಮೊಣಕಾಲು ಊದಿಸ್ಕಂಡವಳೆ.” ಆಗಲಿ ಎಂದೆ. ಇದು ಮೌಖಿಕ ಆದೇಶವಾಗಿದ್ದು, ಇದಕ್ಕೆ ದಾಖಲೆಯಿಲ್ಲ.

8. ದಿನಾಂಕ 30-1-1963, ಬುಧವಾರ. ಅಪ್ಪ ಬೆಳಗಿನ ಪಾಳಿಗೆ ಹೋಗಿದ್ದರು. ಅಮ್ಮ, ದೊಡ್ಡಮುನಿಯಮ್ಮನವರು ಮತ್ತು ನಾನು ಬಾಗಿಲಲ್ಲಿ ಕೂತು ನೆನೆಹಾಕಿದ ಅವರೆಕಾಳು ಹಿದುಕುತ್ತಿದ್ದೆವು. ನಾನು ಮೊದಲೇ ಕೈಗಡಿಯಾರ ಎದುರಿಗಿಟ್ಟುಕೊಂಡಿದ್ದೆ; ಡಿಗ್ರಿ ಪಾಸಾದದ್ದಕ್ಕೆ ಅಪ್ಪ ಕೊಡಿಸಿದ್ದು. ಹನ್ನೊಂದಕ್ಕೆ ಸರಿಯಾಗಿ ಸೈರನ್ ಆಯಿತು. ಅಮ್ಮ ಎದ್ದರು. ನಾನು ಎರಡೂ ಕೈ ಹಿಡಿದುಕೊಂಡು, “ಗಾಂಧೀಜಿ ಅಮ್ಮಾ, ಗಾಂಧೀಜಿ, ನಿಂತ್ಕೋ” ಎಂದೆ. ಲೈನಿನ ಹೆಂಗಸರೆಲ್ಲ ನನ್ನನ್ನು ನೋಡಿದರು. ಸ್ವಭಾವತಃ ನಾನು ಯಾರಾದರೂ ನೋಡಿದರೆ ತಲೆ ತಗ್ಗಿಸುವವಳು. ಆ ದಿನ ತಗ್ಗಿಸಲಿಲ್ಲ. ಇತಿಹಾಸದ ಪದವಿಯ ಧೈರ್ಯ. ಯಾರೂ ಓಡಲಿಲ್ಲ. ಎಂಟು ವರ್ಷಗಳಲ್ಲಿ ಮೊದಲ ಸಲ ನಮ್ಮ ಲೈನು ದೇಶದ ಜೊತೆ ನಿಂತಿತು. ಹನ್ನೊಂದು ಗಂಟೆ ಎರಡು ನಿಮಿಷಕ್ಕೆ ಮುಗಿಯಿತೆಂಬ ಸೈರನ್ನೂ ಆಯಿತು. ಎಲ್ಲರೂ ಕೂತೆವು. ದೊಡ್ಡಮುನಿಯಮ್ಮನವರು, “ಇಷ್ಟೇನಾ? ಇದಕ್ಕಾ ಅಷ್ಟ್ ವರ್ಸ ಓಡಿ ಸತ್ತಿದ್ದು?” ಎಂದು ನಕ್ಕರು.

9. ಹನ್ನೊಂದು ಗಂಟೆ ಒಂಬತ್ತು ನಿಮಿಷಕ್ಕೆ ಸೈರನ್ ಮತ್ತೆ ಕೂಗಿತು.

10. ಈ ಅಂಶದ ಬಗ್ಗೆ ನನ್ನ ಸಮಜಾಯಿಷಿ ಹೀಗಿದೆ. ಹಿಂದಿನ ವರ್ಷವೂ ಎರಡು ಸಲ ಕೂಗಿತ್ತು. ಗಡಿಯಾರ ತಪ್ಪಿದ್ದೇ ಕಾರಣವಾಗಿತ್ತು. ಅದು ನನ್ನ ದಿನಚರಿಯಲ್ಲಿ ದಾಖಲಾಗಿತ್ತು. ಇತಿಹಾಸ ಮರುಕಳಿಸುತ್ತದೆ ಎಂದು ಪರೀಕ್ಷೆಯಲ್ಲಿ ನಾಲ್ಕು ಪುಟ ಬರೆದು ಪಾಸಾದವಳು ನಾನು. ಆದ್ದರಿಂದ ನನ್ನ ಕೈಗಡಿಯಾರವೂ ಮುಂದಿದೆಯೆಂದುಕೊಂಡು, “ಮತ್ತೆ ಟೈಮು ತಪ್ಪಿದೆ ಅಮ್ಮಾ, ಸರಿಯಾದ ಹೊತ್ತಿಗೆ ಇನ್ನೊಂದು ಸಲ ಊದ್ತಿದಾರೆ. ಹೋದ ವರ್ಷದ ಹಾಗೇ” ಎಂದೆ. ಅಮ್ಮ, “ಇದು ಬ್ಯಾರೆ ತರ ಕೂಗ್ತದೆ ರತ್ನೀ” ಎಂದರು. “ಸೈರನ್ನಿಗೆ ಬೇರೆ ತರ ಯಾವುದಮ್ಮ?” ಎಂದೆ. “ಬುಡಮ್ಮಿ ಕೈಯ” ಎಂದರು. ನಾನು ಬಿಡಲಿಲ್ಲ. ಅವರ ಕೈ ಅವರೆಯ ಸಿಪ್ಪೆಯಿಂದ ಜಾರುತ್ತಿತ್ತು, ಮಣಿಕಟ್ಟಿಗೆ ಹಿಡಿದೆ. ಲೈನಿನವರೆಲ್ಲ ಎರಡನೆಯ ಸಲವೂ ಎದ್ದು, ಎರಡು ನಿಮಿಷ ಅತ್ಯಂತ ಶಿಸ್ತಿನಿಂದ ನಿಂತರು. ಕದಲಿದ್ದು ಎಮ್ಮೆ ಒಂದೇ.

ಆಮೇಲೆ ನಾನು ಒಳಗೆ ಹೋಗಿ, ಹನ್ನೊಂದೂವರೆಗೆ ದಿನಚರಿ ಬರೆದೆ. ಅದರ ನಕಲು ಲಗತ್ತಿಸಿದೆ. ತಮ್ಮ ಅನುಕೂಲಕ್ಕಾಗಿ ಇಲ್ಲಿಯೂ ಕೊಡುತ್ತೇನೆ: “ಇಂದು ಎರಡು ಸಲ ಮೌನ ಆಚರಿಸಿದೆವು, ಕಳೆದ ವರ್ಷದಂತೆಯೇ. ಕೊನೆಗೂ ಅಮ್ಮ ಓಡದ ಹಾಗೆ ನಿಲ್ಲಿಸಿದೆ. ಅಪ್ಪ ಬಂದ ಮೇಲೆ ಹೇಳಿದರೆ ಸಂತೋಷಪಡುತ್ತಾರೆ. ಕಾಳು ಇನ್ನೂ ಅರ್ಧ ಹಿದುಕುವುದಿದೆ.”

11. ಹನ್ನೆರಡರ ಸುಮಾರಿಗೆ, ಎಮ್ಮೆ ಹುಡುಕಿಕೊಂಡು ಹೋಗಿದ್ದ ದೊಡ್ಡಮುನಿಯಮ್ಮನವರು ಓಡಿ ಬಂದರು. ಶಾಫ್ಟಿನ ಕಡೆಯಿಂದ ಲೈನಿನ ಕಡೆಗೆ ಓಡಿ ಬಂದರು. ನಮ್ಮಲ್ಲಿ ಓಡುವುದು ಯಾವಾಗಲೂ ಈ ಕಡೆಯಿಂದ ಆ ಕಡೆಗೆ. ಆದ್ದರಿಂದ ಅವರು ಬಾಯಿಬಿಡುವ ಮೊದಲೇ ಅಮ್ಮನಿಗೆ ಗೊತ್ತಾಯಿತು.

ಮುಂದಿನದು ನನಗೆ ತಿಳಿದದ್ದು ಕುಪ್ಪುಸ್ವಾಮಿಯವರಿಂದ. ಅವರು ನಾನು ಇಲ್ಲಿ ಕೆಲಸಕ್ಕೆ ಸೇರಿ ಮೂರು ತಿಂಗಳಾದ ಮೇಲೆ, ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡೇ ಹೇಳಿದರು. ಬಂಡೆ ಸಿಡಿದಾಗ ಸಿಕ್ಕಿದ್ದು ಅಪ್ಪ ಒಬ್ಬರೇ. ಹನ್ನೊಂದು ಮೂವತ್ತೈದಕ್ಕೆ ಮೇಲೆ ತಂದರು. ಹನ್ನೊಂದು ನಲವತ್ತಾರರವರೆಗೆ ಮಾತಿತ್ತು. “ಗೇಟಿನ ಕಡೆ ತಿರುಗ್ಸಿ ಮಲಗ್ಸಿ ಅಂದಾರಮ್ಮಾ ನಿಮ್ಮಪ್ಪ. ‘ಬಂದವ್ಳಾ?’ ಅಂತ ಕೇಳಿದಾರು. ನಾವು ಇಲ್ಲ ಅಂದೋಂ. ‘ಬತ್ತಾಳೆ ತಡೀರಿ, ವರ್ಸಾ ವರ್ಸಾ ಬತ್ತಾಳೆ’ ಅಂದಾರು. ಆಮೇಲೆ ಇನ್ನೊಂದ್ ಸಲ ಕೇಳಿದಾರು. ಗೇಟಲ್ಲಿ ಒಬ್ಬ ಹೆಂಗಸೂ ಇಲ್ಲಮ್ಮಾ. ನಾನು ಸೈರನ್ ಊದೋಕೆ ಬಂದು ಇಪ್ಪತ್ತು ವರ್ಷ ಆಚ್ಚು. ಊದಿದ್ರೆ ಯಾರೂ ಬರಲಿಲ್ಲ ಅನ್ನೋದು ಅದೊಂದೇ ದಿನ.” ಇಷ್ಟು ಹೇಳಿ ಅವರು ಪತ್ರಿಕೆಯನ್ನು ತಲೆಕೆಳಗಾಗಿಯೇ ಕೋಲಿಗೆ ಸಿಕ್ಕಿಸಿ ಹೋದರು.

ಮಾರನೆಯ ದಿನದ ಪತ್ರಿಕೆಯಲ್ಲಿ ದೇಶಾದ್ಯಂತ ಮೌನಾಚರಣೆ ಯಶಸ್ವಿಯಾದ ಸುದ್ದಿ ವಿವರವಾಗಿ ಬಂದಿತ್ತು. ನಮ್ಮದು ಬಂದಿರಲಿಲ್ಲ. ಸತ್ತವರು ಒಬ್ಬರೇ ಆದ್ದರಿಂದಲೂ, ಆ ದಿನಕ್ಕೆ ಮೊದಲೇ ಒಂದು ಸಾವು ನಿಗದಿಯಾಗಿದ್ದರಿಂದಲೂ ಇರಬೇಕು.

12. ದಿನಾಂಕ 30-1-1964. ವರ್ಷಪುಸ್ತಕದಲ್ಲಿ ಆ ತಾರೀಖಿಗೆ ಇಂಗ್ಲೆಂಡಿನ ಒಬ್ಬ ದೊರೆಯ ತಲೆ ತೆಗೆದದ್ದೂ (1649) ಜರ್ಮನಿಯಲ್ಲಿ ಒಬ್ಬ ಸರ್ವಾಧಿಕಾರಿ ಅಧಿಕಾರಕ್ಕೆ ಬಂದದ್ದೂ (1933) ಇದ್ದವು. ಆದರೆ ಆ ದಿನ ಗಾಂಧೀಜಿಯವರದು ಬಿಟ್ಟು ಬೇರೇನೂ ಬರೆಯಕೂಡದೆಂದು ನಿರ್ಣಯ 7ರ ಉಪಖಂಡ ಹೇಳುತ್ತದೆ. ಆದ್ದರಿಂದ ದೊರೆಯನ್ನೂ ಸರ್ವಾಧಿಕಾರಿಯನ್ನೂ ಬಿಟ್ಟೆ. ಮೊದಲ ಸಾಲು ಬರೆದೆ. ನಡುವೆ ಎರಡು ಸಾಲು ಗೌರವಕ್ಕೆ ಬಿಟ್ಟು, ಎಲ್ಲಕ್ಕಿಂತ ಕೆಳಗೆ, ಎಲ್ಲಕ್ಕಿಂತ ಸಣ್ಣ ಅಕ್ಷರದಲ್ಲಿ, “1963: ಮುನಿಸ್ವಾಮಪ್ಪ, ಆಲದಮರದ ಶಾಫ್ಟ್, ಬೆಳಿಗ್ಗೆ 11-09” ಎಂದು ಬರೆದೆ.

ಹತ್ತೂಕಾಲಿಗೆ, ಅಧ್ಯಕ್ಷರು ಭಾವಚಿತ್ರಕ್ಕೆ ಹಾರ ಹಾಕಲು ಬರುವ ಹೊತ್ತಿಗೆ, ತಾವು ಅದನ್ನು ನೋಡಿದಿರಿ. “ಏನಮ್ಮಾ ಇದು! ಮಹಾತ್ಮರ ಕೆಳಗೆ ನಿಮ್ಮ ತಂದೇನ ಕೂರಿಸಿಬಿಟ್ಟಿದ್ದೀಯಲ್ಲ?” ಎಂದಿರಿ. ನಾನು “ಸಾರ್” ಎಂದೆ. ಅಲ್ಲಿಗೆ ನಿಂತಿತು. ತಾವು ಸುತ್ತ ನೋಡಿ, ಬಟ್ಟೆ ಸಿಗದೆ, ಜೇಬಿನಿಂದ ಕರವಸ್ತ್ರ ತೆಗೆದು, ನಾಲ್ಕು ಮಡಿಕೆ ಮಾಡಿ, ಮೆಲ್ಲಗೆ ಒರೆಸಿದಿರಿ. “ನನಗೇನು ಸಂತೋಷವೇನಮ್ಮ? ರೂಲ್ಸು” ಎಂದಿರಿ. ಒರೆಸಿದ ಕರವಸ್ತ್ರವನ್ನು ಕೊಡವದೆ ಹಾಗೇ ಮಡಿಸಿ ಜೇಬಿಗೆ ಇಟ್ಟುಕೊಂಡಿರಿ. ಇದನ್ನು ನಾನು ಮರೆತಿಲ್ಲ. ಮಾರನೆಯ ದಿನ, “ರಾಷ್ಟ್ರೀಯ ದಿನದಂದು ಸಾರ್ವಜನಿಕ ಹಲಗೆಯ ಮೇಲೆ ಖಾಸಗಿ ಮರಣ ಬರೆದ ಬಗ್ಗೆ ಸಮಜಾಯಿಷಿ ನೀಡುವುದು” ಎಂದು ಮೆಮೊ ಕೊಟ್ಟಿರಿ. ಹನ್ನೊಂದು ತಿಂಗಳು ಹನ್ನೊಂದು ದಿನ ತಡವಾಗಿ ಈ ಮೂಲಕ ಸಮಜಾಯಿಷಿ ಸಲ್ಲಿಸುತ್ತಿದ್ದೇನೆ.

13. ಈ ತಿಂಗಳ 4ರಂದು ತಾವು ತಾವಾಗಿಯೇ ವಿಷಯ ತೆಗೆದು ಹೇಳಿದಿರಿ: “ಈ ವರ್ಷವೂ ಮೂವತ್ತು ಬರ್ತದಮ್ಮ. ನೋಡು, ಯಾವುದಾದರೂ ಖಾಲಿ ದಿನಕ್ಕೆ ಹಾಕಿಕೊಂಡುಬಿಡು. ಒಂದು ದಿನ ಆಚೆ ಈಚೆ ಆದರೆ ಯಾರು ಕೇಳ್ತಾರೆ? ಎಮ್ಮೆ ಪಕ್ಕದಲ್ಲೇ ಹಾಕು, ಅಲ್ಲಿ ಮೂರು ಸಾಲು ಖಾಲಿ.” ಸಲಹೆಯಲ್ಲಿ ಅನುಕಂಪವಿತ್ತು. ಜೊತೆಗೆ ಕಡಲೆಕಾಯಿಯನ್ನೂ ಕೊಟ್ಟಿರಿ. ಆದ್ದರಿಂದ ಸಲಹೆಯನ್ನು ಗಂಭೀರವಾಗಿ ಪರಿಶೀಲಿಸಿದ್ದೇನೆ.

ಅ) ಸೆಪ್ಟೆಂಬರ್ 14, ಎಮ್ಮೆಯ ದಿನ: ಸ್ಥಳಾವಕಾಶವಿದೆ. ಆದರೆ ಅಪ್ಪನಿಗೂ ಆ ಎಮ್ಮೆಗೂ ಬದುಕಿದ್ದಾಗ ಮಾತಿರಲಿಲ್ಲ. ಅವರ ಒಗೆದ ಅಂಗಿಯನ್ನು ಅದು ಎರಡು ಸಲ ತಿಂದಿತ್ತು.

ಆ) ಫೆಬ್ರವರಿ 29: ನಾಲ್ಕು ವರ್ಷಕ್ಕೊಮ್ಮೆ ಬರುವುದರಿಂದ ಸೀಮೆಸುಣ್ಣ ಉಳಿಯುತ್ತದೆ. ಸಮಿತಿ ಒಪ್ಪಬಹುದು. ನಡುವಿನ ಮೂರು ವರ್ಷ ಅಪ್ಪ ಎಲ್ಲಿ ಹೋದರೆಂದು ಅಮ್ಮ ಕೇಳುತ್ತಾರೆ.

ಇ) ಜನವರಿ 31: ಇದು ಅತ್ಯಂತ ಹತ್ತಿರದ್ದು, ಪುಸ್ತಕದಲ್ಲಿ ಒಂದೇ ಘಟನೆ ಇದೆ. ಆದರೆ ಅಪ್ಪ 31ರವರೆಗೆ ಇದ್ದಿದ್ದರೆ ಅಮ್ಮ ಅವರನ್ನು ನೋಡಿರುತ್ತಿದ್ದರು. ಆಗ ಈ ಅರ್ಜಿಯ ಪ್ರಮೇಯವೇ ಬರುತ್ತಿರಲಿಲ್ಲ.

ದಿನಾಂಕ ಬದಲಾಯಿಸುವುದರ ಬಗ್ಗೆ ನನಗೆ ತಾತ್ವಿಕ ವಿರೋಧವಿಲ್ಲವೆಂದು ತಿಳಿಸಬಯಸುತ್ತೇನೆ. ನಮ್ಮ ತರಗತಿಯ ನಲವತ್ತು ಮಂದಿಯಲ್ಲಿ ಇಪ್ಪತ್ತಾರು ಮಂದಿ ಜೂನ್ ಒಂದರಂದು ಹುಟ್ಟಿದವರು. ಹೆಡ್‌ಮೇಷ್ಟರು ಒಂದೇ ಮಧ್ಯಾಹ್ನ ಕೂತು ನಮ್ಮನ್ನೆಲ್ಲ ಹುಟ್ಟಿಸಿದರು. ನಾನೂ ಅವರಲ್ಲಿ ಒಬ್ಬಳು. ನಿಜವಾಗಿ ನಾನು ಹುಟ್ಟಿದ್ದು ಯಾವ ದಿನವೆಂದು ಅಮ್ಮನನ್ನು ಕೇಳಿದರೆ, “ಉಣಸೇಹಣ್ಣು ಕುಟ್ತಾ ಇದ್ವಿ, ಸೈರನ್ ಆಗಿತ್ತು, ಓಡಿಓಗಿ ನಿಮ್ಮಪ್ಪ ಬದುಕವ್ನೆ ಅಂತ ನೋಡ್ಕಂಡು ಬಂದೆ, ನೀನ್ ಹುಟ್ಟಿದೆ” ಎನ್ನುತ್ತಾರೆ. ಅವರ ಪಂಚಾಂಗ ಅಷ್ಟೇ. ಹುಟ್ಟನ್ನು ಸರ್ಕಾರದ ಅನುಕೂಲಕ್ಕೆ ಬಿಟ್ಟುಕೊಟ್ಟಿದ್ದೇವೆ. ಸಾವನ್ನೂ ಬಿಟ್ಟುಕೊಡಬೇಕಾದರೆ ಒಂದು ಆದೇಶವಾದರೂ ಬೇಕೆಂಬುದಷ್ಟೇ ನನ್ನ ನಿವೇದನೆ.

14. ಅಮ್ಮ ಈಗ ಓಡುವುದಿಲ್ಲ. ಕಳೆದ ವರ್ಷ 30ರಂದು ಹನ್ನೊಂದಕ್ಕೆ ಸೈರನ್ ಆದಾಗ, ಸಭೆ ಬಿಟ್ಟು ಮನೆಗೆ ಹೋಗಿ ನೋಡಿದೆ. ಲೈನಿನವರೆಲ್ಲ ಮೊದಲಿನಂತೆಯೇ ಓಡಿದ್ದರು. ನನ್ನ ಮಾತಿಗೆ ಈಗ ಅಲ್ಲಿ ಕವಡೆ ಕಿಮ್ಮತ್ತಿಲ್ಲ, ಅದು ನ್ಯಾಯವೇ. ಅಮ್ಮ ಒಬ್ಬರೇ ಬಾಗಿಲಲ್ಲಿ ನಿಂತಿದ್ದರು. ಬಲಗೈಯನ್ನು ಸ್ವಲ್ಪ ಮುಂದೆ ಚಾಚಿ, ಯಾರೋ ಮಣಿಕಟ್ಟು ಹಿಡಿದ ಹಾಗೆ ನಿಂತಿದ್ದರು. ನನ್ನನ್ನು ನೋಡಿ, “ನಿಂತಿದೀನಿ ಕಣಮ್ಮಿ. ಸರಿಯಾಗಿ ನಿಂತಿದೀನಾ?” ಎಂದು ಕೇಳಿದರು. ಗೇಲಿಗೆ ಕೇಳಿದ್ದಲ್ಲ.

ಅವರು ಇದುವರೆಗೆ ನನಗೆ ಒಂದು ಮಾತೂ ಅಂದಿಲ್ಲವೆಂಬುದನ್ನು ತಮ್ಮ ಅವಗಾಹನೆಗೆ ತರುತ್ತೇನೆ. ಕೇಳುವುದು ಒಂದೇ. ಡಬ್ಬಿ ಇಟ್ಟು ಹಲಗೆಯ ಸಾಲು ಎಣಿಸಿ, “ನಮ್ದು ಇದರಾಗದಾ?” ಎನ್ನುತ್ತಾರೆ. “ಇವತ್ತಲ್ಲಮ್ಮಾ” ಎನ್ನುತ್ತೇನೆ. ದಿನಾ ಎನ್ನುತ್ತೇನೆ.

ಮೇಲ್ಕಂಡ ಕಾರಣಗಳಿಂದಲೂ, ಹಲಗೆಯಲ್ಲಿ ಆ ದಿನ ಮೂರು ಸಾಲು ಖಾಲಿ ಉಳಿಯುವ ಕಾರಣದಿಂದಲೂ, ಮಹಾತ್ಮರಿಗೆ ಪಕ್ಕದಲ್ಲಿ ಮರ ಕಟ್ಟುವವನೊಬ್ಬ ಕೂತರೆ ಬೇಸರವಾಗುತ್ತಿರಲಿಲ್ಲವೆಂದು ನಂಬಲು ಸಾಕಷ್ಟು ಆಧಾರವಿರುವ ಕಾರಣದಿಂದಲೂ, ತಮ್ಮಲ್ಲಿ ಪ್ರಾರ್ಥಿಸಿಕೊಳ್ಳುವುದೇನೆಂದರೆ:

(ಕ) ದಿನಾಂಕ 30-1-1965ರಂದು ನಾಲ್ಕನೆಯ ಸಾಲನ್ನು ಶ್ರೀ ಮುನಿಸ್ವಾಮಪ್ಪನವರಿಗೆ ಮಂಜೂರು ಮಾಡುವುದು. ಸೀಮೆಸುಣ್ಣ ನನ್ನದೇ.

(ಖ) ಅದು ಸಾಧ್ಯವಿಲ್ಲದಿದ್ದರೆ, ಅವರು ಯಾವ ತಾರೀಖಿನಂದು ಸತ್ತದ್ದೆಂದು ಸಮಿತಿಯ ಮೊಹರಿನೊಂದಿಗೆ ಆದೇಶ ಹೊರಡಿಸುವುದು. ಹಾಗೂ ಅದನ್ನು ನನ್ನ ತಾಯಿಗೆ ತಾವೇ ಓದಿ ಹೇಳುವುದು. ನನ್ನಿಂದ ಆಗುವುದಿಲ್ಲ.

(ಗ) ಎರಡರಲ್ಲಿ ಯಾವುದಾದರೂ ಸರಿಯೇ, ಅದೇ ದಿನ ಬೆಳಿಗ್ಗೆ 11-09ರಿಂದ 11-17ರವರೆಗೆ ನನಗೆ ಎಂಟು ನಿಮಿಷ ರಜೆ ಮಂಜೂರು ಮಾಡುವುದು. ಉದ್ದೇಶ: ಮನೆಯಿಂದ ಆಲದಮರದ ಶಾಫ್ಟಿನ ಗೇಟಿನವರೆಗೆ ಅಮ್ಮನ ಕೈ ಹಿಡಿದುಕೊಂಡು ಓಡುವುದು. ಅವರ ಮೊಣಕಾಲಿನ ದೆಸೆಯಿಂದ ವಾಪಸಾಗುವುದು ತಡವಾದರೆ ಆ ಅವಧಿಯನ್ನು ಅರ್ಧ ದಿನದ ರಜೆಯಾಗಿ ಪರಿಗಣಿಸಬಹುದು.

ಇತಿ, ಗೋಂದು ಬೇಕಿಲ್ಲದ,
ತಮ್ಮ ಎದುರು ಮೇಜಿನ ವಿಶ್ವಾಸಿ,
ಎಂ. ವೆಂಕಟರತ್ನಮ್ಮ

ಲಗತ್ತುಗಳು:
1) ದಿನಚರಿಯ 30-1-1963ರ ಪುಟದ ನಕಲು, ಒಂದು. (ಮೂಲವನ್ನು ಹರಿದುಹಾಕಬೇಕೆಂದು ಹಲವು ಸಲ ಅನ್ನಿಸಿದ್ದರೂ ಹರಿದಿಲ್ಲ, ಬೇಕಾದರೆ ಹಾಜರುಪಡಿಸಲಾಗುವುದು.)
2) ಕುಪ್ಪುಸ್ವಾಮಿಯವರ ಹೇಳಿಕೆ, ಒಂದು. ರುಜು ತಮಿಳಿನಲ್ಲಿದೆ.
3) ಚಿಕ್ಕವೆಂಕಟಮ್ಮನವರ ಹೆಬ್ಬೆಟ್ಟಿನ ಗುರುತು, ಒಂದು. ಏನಕ್ಕೆಂದು ಅವರು ಕೇಳಲಿಲ್ಲ.
4) ಎಮ್ಮೆಯ ಬಗ್ಗೆ ಸಮಿತಿಯ ಮೆಚ್ಚುಗೆ ಪತ್ರ, ನಕಲು.

ವಿ.ಸೂ.: ಅನುಮತಿ ಬಂದರೂ ಬಾರದಿದ್ದರೂ ಆ ಸಾಲನ್ನು 30ರಂದು ಬೆಳಿಗ್ಗೆ ಎಂಟಕ್ಕೆ ನಾನು ಬರೆದಿರುತ್ತೇನೆಂದು ತಿಳಿಸಲು ವಿಷಾದಿಸುತ್ತೇನೆ. ತಾವು ಒರೆಸಬೇಕಾಗಿ ಬಂದಲ್ಲಿ, ಕಳೆದ ವರ್ಷದಂತೆ ಒಣ ಕರವಸ್ತ್ರದಿಂದಲೇ ಒರೆಸಬೇಕಾಗಿ ಕೋರುತ್ತೇನೆ. ಒದ್ದೆ ಬಟ್ಟೆ ಬೇಡ. ಒಣ ಬಟ್ಟೆಯಲ್ಲಿ ಅಕ್ಷರ ಪೂರ್ತಿ ಹೋಗುವುದಿಲ್ಲ. ಆಮೇಲೆ ಲೋಕದ ಘಟನೆಗಳನ್ನು ಮೇಲಿನ ಮೂರು ಸಾಲಿನಲ್ಲೇ ನಾನು ಮುಗಿಸುತ್ತಿದ್ದುದರಿಂದ, ಹೋದ ಸಲ ಯುಗಾದಿಗೆ ಹಲಗೆಗೆ ಕರಿ ಬಳಿಯುವವರೆಗೂ ಅದು ಮಸುಕಾಗಿ ಅಲ್ಲೇ ಇತ್ತು. ಅಮ್ಮ ಅದನ್ನೂ ಒಂದು ಸಾಲೆಂದೇ ಎಣಿಸುತ್ತಿದ್ದರು.